ಕಪ್ಪೆ ಈಜಿನ ನಾಲ್ಕು ಚಿನ್ನ: ಕೊಸುಕೆ ಕಿತಾಜಿಮಾ ಗೆದ್ದದ್ದು ಹೇಗೆ, ನಿಂತದ್ದು ಏಕೆ

ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಈಜು ಕಲಿತವರಲ್ಲಿ ಬಹಳ ಜನ ಬೆಂಡು ಕಟ್ಟಿಕೊಂಡು ಮೊದಲು ಕಲಿತದ್ದು ಕಪ್ಪೆ ಈಜು. ತಲೆ ನೀರಿನ ಮೇಲೆ, ಎರಡೂ ಕೈ ಎದೆಯ ಮುಂದೆ ಅಗಲಿಸಿ ಎಳೆಯುವುದು, ಎರಡೂ ಕಾಲು ಮಡಚಿ ಒದೆಯುವುದು. ಒಲಿಂಪಿಕ್ಸ್‌ನ ಬ್ರೆಸ್ಟ್‌ಸ್ಟ್ರೋಕ್ ಇದೇ ಈಜಿನ ಕಟ್ಟುನಿಟ್ಟಿನ ರೂಪ. ಜಪಾನಿನ ಕೊಸುಕೆ ಕಿತಾಜಿಮಾ 2004ರ ಅಥೆನ್ಸ್‌ನಲ್ಲೂ 2008ರ ಬೀಜಿಂಗ್‌ನಲ್ಲೂ ಇದರ 100 ಮೀಟರ್ ಮತ್ತು 200 ಮೀಟರ್ ಚಿನ್ನ ಎರಡನ್ನೂ ಗೆದ್ದರು. ಸತತ ಎರಡು ಒಲಿಂಪಿಕ್ಸ್‌ಗಳಲ್ಲಿ ಎರಡೂ ದೂರ ಗೆದ್ದ ಇನ್ನೊಬ್ಬ ಬ್ರೆಸ್ಟ್‌ಸ್ಟ್ರೋಕ್ ಈಜುಗಾರನಿಲ್ಲ. ರಿಲೇ ಸೇರಿಸಿದರೆ ಒಲಿಂಪಿಕ್ಸ್ ಪದಕ ಒಟ್ಟು ಏಳು: ನಾಲ್ಕು ಚಿನ್ನ, ಒಂದು ಬೆಳ್ಳಿ, ಎರಡು ಕಂಚು. 2016ರಲ್ಲಿ ನಿವೃತ್ತಿ.

ಪದಕದ ಪಟ್ಟಿಯನ್ನಷ್ಟೇ ಓದಿದರೆ ಈ ವೃತ್ತಿಜೀವನ ಅರ್ಥವಾಗುವುದಿಲ್ಲ. ಕಿತಾಜಿಮಾ ಬೇರೆಯವರಿಗಿಂತ ಜೋರಾಗಿ ಒದ್ದು ಗೆದ್ದವರಲ್ಲ, ಬಂದ ವೇಗವನ್ನು ಬೇರೆಯವರಿಗಿಂತ ಕಡಿಮೆ ಕಳೆದುಕೊಂಡು ಗೆದ್ದವರು. ಇದು ಹೇಗೆಂದು ತಿಳಿಯಲು ಮೊದಲು ಈಜನ್ನೇ ಬಿಚ್ಚಿ ನೋಡಬೇಕು.

ನಾಲ್ಕು ಬಗೆಯ ಈಜಿನಲ್ಲಿ ನಿಧಾನದ್ದು

ಪುರುಷರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಚೀನಾದ ಪಾನ್ ಝಾನ್ಲೆ 2024ರಲ್ಲಿ ಬರೆದ ದಾಖಲೆ 46.40 ಸೆಕೆಂಡ್. ಅದೇ ದೂರದ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಬ್ರಿಟನ್ನಿನ ಆಡಮ್ ಪೀಟಿ 2019ರಲ್ಲಿ ಮಾಡಿದ್ದು 56.88. ಹತ್ತು ಸೆಕೆಂಡಿಗೂ ಹೆಚ್ಚಿನ ಅಂತರ. ಫ್ರೀಸ್ಟೈಲ್‌ನಲ್ಲಿ ಒಂದು ಕೈ ಎಳೆಯುವಾಗ ಇನ್ನೊಂದು ಗಾಳಿಯಲ್ಲಿ ಮುಂದಕ್ಕೆ ಬರುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕೈ, ಎರಡೂ ಕಾಲು ನೀರನ್ನು ಸೀಳಿಕೊಂಡೇ ಮತ್ತೆ ಶುರುವಿನ ಜಾಗಕ್ಕೆ ಬರಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಕಾಲು ಮಡಚಿದ ಕೂಡಲೇ ತೊಡೆ ನೀರಿಗೆ ಅಡ್ಡ ನಿಲ್ಲುತ್ತದೆ, ವೇಗ ಕುಸಿಯುತ್ತದೆ, ಒದೆತದಿಂದ ಮತ್ತೆ ಏರುತ್ತದೆ. ಊರೂರಿಗೂ ನಿಲ್ಲುವ ಬಸ್ಸಿನ ಡೀಸೆಲ್ ಹೆಚ್ಚು ಖರ್ಚಾಗುವುದು ಪ್ರತಿ ಸಲ ಹೊರಡುವಾಗ, ಇಲ್ಲಿಯೂ ಹಾಗೆಯೇ. ಅದರ ಮೇಲೆ, ವೇಗ ಎರಡರಷ್ಟಾದರೆ ನೀರಿನ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಹಾಗಾಗಿ ಸರಾಸರಿ ವೇಗ ಒಂದೇ ಇದ್ದರೂ ಏರಿಳಿತ ಹೆಚ್ಚಿರುವವನಿಗೆ ಬೇಗ ದಣಿವಾಗುತ್ತದೆ.

ಬೀಜಿಂಗ್‌ನ 200 ಮೀಟರ್ ಅನ್ನು ಕಿತಾಜಿಮಾ ಮುಗಿಸಿದ್ದು 2 ನಿಮಿಷ 7.64 ಸೆಕೆಂಡಿನಲ್ಲಿ. ಅಂದರೆ ಸೆಕೆಂಡಿಗೆ ಸರಾಸರಿ 1.57 ಮೀಟರ್. ನೆಲದ ಮೇಲೆ ಬಿರುಸಾಗಿ ನಡೆಯುವವನ ವೇಗ ಅಷ್ಟೇ.

ಒಂದು ಸುತ್ತಿನೊಳಗೆ

ಕೈಯ ಒಂದು ಎಳೆತ, ಕಾಲಿನ ಒಂದು ಒದೆತ ಸೇರಿದರೆ ಒಂದು ಸುತ್ತು. ಕಾಲಿನಿಂದ ಶುರುಮಾಡೋಣ; ಈ ಈಜಿನಲ್ಲಿ ಮುಂದಕ್ಕೆ ದೂಡುವ ಬಲದ ಹೆಚ್ಚಿನ ಪಾಲು ಕಾಲಿನದು. ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಎಳೆದುಕೊಳ್ಳಬೇಕು, ಮಂಡಿಯನ್ನು ಹೊಟ್ಟೆಯ ಕೆಳಗೆ ತರಬಾರದು. ಎರಡೂ ಒಂದೇ ಅನ್ನಿಸಬಹುದು, ಆದರೆ ಮಂಡಿ ಹೊಟ್ಟೆಯ ಕೆಳಗೆ ಬಂದರೆ ತೊಡೆ ಇಡಿಯಾಗಿ ನೀರಿಗೆ ಎದುರಾಗುತ್ತದೆ. ಮಂಡಿಗಳ ನಡುವೆ ಭುಜದಷ್ಟು ಅಗಲ ಸಾಕು. ಹಿಮ್ಮಡಿ ಮೇಲೆ ಬಂದಾಗ ಪಾದವನ್ನು ಮೊಣಕಾಲಿನ ಕಡೆಗೆ ಮಡಚಿ ಹೊರಕ್ಕೆ ತಿರುಗಿಸಬೇಕು. ಆಗ ಪಾದದ ಒಳಬದಿಗೂ ಕಣಕಾಲಿನ ಒಳಬದಿಗೂ ನೀರು ಸಿಗುತ್ತದೆ. ಅಲ್ಲಿಂದ ಹಿಂದಕ್ಕೆ, ಒಳಕ್ಕೆ ಚಾಟಿಯಂತೆ ಬೀಸಿ, ಎರಡೂ ಪಾದ ಸೇರುವ ತನಕ ಬಿಡಬಾರದು. ಪಾದ ಸೇರಿ ಬೆರಳು ಚಾಚಿದ ಮೇಲೆಯೇ ಒದೆತ ಮುಗಿಯುವುದು. ಅರ್ಧಕ್ಕೇ ಬಿಟ್ಟರೆ ಕಾಲು ಅಗಲವಾಗಿ ಉಳಿದು ಹಿಂದಿನಿಂದ ಜಗ್ಗುತ್ತದೆ.

ಮಗುವಿಗೆ ಈ ಒದೆತ ಸುಲಭಕ್ಕೆ ಬರುತ್ತದೆಯೇ ಎಂದು ನೀರಿಗಿಳಿಸುವ ಮುನ್ನವೇ ಸ್ವಲ್ಪ ತಿಳಿಯಬಹುದು. ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಗಾಲಿನಲ್ಲಿ ಕೂರಲು ಹೇಳಿ. ಆರಾಮಾಗಿ ಕೂತರೆ ಕಣಕಾಲ ಕೀಲು ಬೇಕಾದಷ್ಟು ಮಡಚುತ್ತದೆ ಎಂದರ್ಥ. ಹಿಂದಕ್ಕೆ ಬೀಳುವ ಹಾಗಾದರೆ ದಿನವೂ ಒಂದೆರಡು ನಿಮಿಷ ಹಾಗೆ ಕೂರುವ ಅಭ್ಯಾಸ ಬೇಕು. ನೆಲದ ಮೇಲೆ ಕೂತು ಬೆಳೆದ ನಮ್ಮ ಮಕ್ಕಳಿಗೆ ಇದೊಂದು ಬಂಡವಾಳ. ಕುರ್ಚಿ, ಸೋಫಾ ಬಂದ ಮನೆಗಳಲ್ಲಿ ಅದೂ ಕರಗುತ್ತಿದೆ.

ಕೈಯ ಕೆಲಸ ಚಿಕ್ಕದು. ಮುಂದೆ ಚಾಚಿದ ಕೈಗಳನ್ನು ಭುಜಕ್ಕಿಂತ ಸ್ವಲ್ಪ ಅಗಲಕ್ಕೆ ತೆರೆದು, ಮೊಣಕೈ ಮೇಲೆಯೇ ಇರಿಸಿ, ಅಂಗೈಯಿಂದ ನೀರನ್ನು ಒಳಕ್ಕೆ ಗುಡಿಸಿ ಗದ್ದದ ಕೆಳಗೆ ತಂದು, ನಿಲ್ಲಿಸದೆ ಮುಂದಕ್ಕೆ ಚುಚ್ಚಬೇಕು. ಬಾವಿಯಲ್ಲಿ ಕಲಿತವರು ಮೊಣಕೈಯನ್ನು ಪಕ್ಕೆಲುಬಿನ ಹಿಂದಕ್ಕೆ ಎಳೆಯುತ್ತಾರೆ. ಎಳೆತ ದೊಡ್ಡದಾದಷ್ಟೂ ಮುಂದೆ ಹೋಗುತ್ತೇವೆ ಎಂಬ ಭ್ರಮೆ ಅದು. ಕೈ ಎದೆಯ ಕೆಳಗೆ ಸಿಕ್ಕಿಕೊಂಡು, ಮುಂದಕ್ಕೆ ಹೊರಡುವುದು ತಡವಾಗುತ್ತದೆ. ಆ ಅರೆ ಕ್ಷಣದಲ್ಲಿ ದೇಹ ನಿಂತೇಬಿಡುತ್ತದೆ.

ಕೆಡುವುದೆಲ್ಲ ಹೆಚ್ಚಾಗಿ ಹೊಂದಾಣಿಕೆಯಲ್ಲಿ. ಕೈ ಎಳೆಯುವಾಗ ಕಾಲು ಚಾಚಿರಬೇಕು. ಕೈ ಒಳಕ್ಕೆ ಬರುವಾಗ ಉಸಿರು. ಕೈ ಮುಂದಕ್ಕೆ ಹೋಗುತ್ತಿದ್ದಂತೆ ಒದೆತ. ಒದೆತ ಮುಗಿದಾಗ ತಲೆ ತೋಳುಗಳ ನಡುವೆ, ದೇಹ ನೇರ ಗೆರೆ. ಹೊಸಬರು ಕೈ ಕಾಲು ಎರಡನ್ನೂ ಒಟ್ಟಿಗೆ ಆಡಿಸುತ್ತಾರೆ. ಆಗ ಒದೆತದ ಬಲವನ್ನು ಅಗಲಿಸಿದ ಕೈಗಳೇ ತಿಂದುಹಾಕುತ್ತವೆ. ಇದಕ್ಕೆ ಹಳೆಯ ಮದ್ದು, ಎರಡು ಒದೆತಕ್ಕೆ ಒಂದು ಎಳೆತ: ಎರಡನೆಯ ಒದೆತದ ಹೊತ್ತಿಗೆ ಕೈ ಚಾಚಿಯೇ ಇರುವುದರಿಂದ ಜಾರುವುದು ಹೇಗೆಂದು ದೇಹಕ್ಕೇ ಗೊತ್ತಾಗುತ್ತದೆ. ಇನ್ನೊಂದು, ಅಂಗಾತ ಮಲಗಿ ಕೈಗಳನ್ನು ಸೊಂಟದ ಪಕ್ಕ ಇರಿಸಿ, ಹಿಮ್ಮಡಿ ಬೆರಳ ತುದಿಗೆ ತಾಗುವಂತೆ ಒದೆಯುವುದು. ಮಂಡಿ ನೀರಿನಿಂದ ಮೇಲೆ ಕಂಡರೆ ತೊಡೆ ಮಡಚುತ್ತಿದೆ ಎಂದು ದಡದ ಮೇಲೆ ನಿಂತವರಿಗೂ ಗೊತ್ತಾಗುತ್ತದೆ.

ಜಾರುವುದಕ್ಕೂ ಮಿತಿ ಉಂಟು. ಒಂದು ಸರಳ ಲೆಕ್ಕ: 25 ಮೀಟರಿಗೆ ಎಷ್ಟು ಸುತ್ತು, ಎಷ್ಟು ಸೆಕೆಂಡ್ ಎಂದು ಎಣಿಸಿ ಕೂಡಿಸಿ. 14 ಸುತ್ತು, 22 ಸೆಕೆಂಡ್ ಆದರೆ 36. ಅದೇ 22 ಸೆಕೆಂಡಿನಲ್ಲಿ 12 ಸುತ್ತಿಗೆ ಇಳಿದರೆ 34, ಅದು ಸುಧಾರಣೆ. 12 ಸುತ್ತಿಗೆ ಇಳಿದು ಹೊತ್ತು 25 ಸೆಕೆಂಡಿಗೆ ಏರಿದರೆ 37. ಮಗು ವೇಗ ಸತ್ತ ಮೇಲೂ ಸುಮ್ಮನೆ ತೇಲುತ್ತಿದೆ.

ಸಿಡ್ನಿಯಿಂದ ಬಾರ್ಸಿಲೋನಾ

ಕಿತಾಜಿಮಾ ಹುಟ್ಟಿದ್ದು 1982ರ ಸೆಪ್ಟೆಂಬರ್ 22ರಂದು, ಟೋಕಿಯೊದಲ್ಲಿ. ತರಬೇತುದಾರ ನೋರಿಮಾಸಾ ಹಿರಾಯಿ ಶಾಲಾ ದಿನಗಳಿಂದಲೇ ಅವರನ್ನು ಬೆಳೆಸಿದರು. 2000ದ ಸಿಡ್ನಿಯಲ್ಲಿ, ಹದಿನೆಂಟು ತುಂಬುವ ಕೆಲವು ದಿನ ಮುಂಚೆ, 100 ಮೀಟರ್ ಫೈನಲ್‌ನಲ್ಲಿ ನಾಲ್ಕನೆಯ ಸ್ಥಾನ.

ಎರಡು ವರ್ಷದ ನಂತರ ಬೂಸಾನ್ ಏಷ್ಯನ್ ಗೇಮ್ಸ್. ಅಮೆರಿಕದ ಮೈಕ್ ಬ್ಯಾರೊಮನ್ 1992ರ ಒಲಿಂಪಿಕ್ಸ್‌ನಲ್ಲಿ ಬರೆದಿದ್ದ 200 ಮೀಟರ್ ದಾಖಲೆ, 2:10.16, ಹತ್ತು ವರ್ಷ ಅಲುಗಾಡಿರಲಿಲ್ಲ. ಬೂಸಾನ್‌ನಲ್ಲಿ ಕಿತಾಜಿಮಾ 2:09.97ರಲ್ಲಿ ಮುಟ್ಟಿದರು. ಕತ್ತರಿಸಿದ್ದು ಸೆಕೆಂಡಿನ ಐದನೇ ಒಂದು ಪಾಲಿಗಿಂತ ಕಡಿಮೆ, ಆದರೆ 2 ನಿಮಿಷ 10 ಸೆಕೆಂಡಿನ ಗೋಡೆ ಬಿತ್ತು. 2003ರ ಬಾರ್ಸಿಲೋನಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 100 ಮೀಟರ್ 59.78, 200 ಮೀಟರ್ 2:09.42: ಎರಡೂ ಚಿನ್ನ, ಎರಡೂ ವಿಶ್ವದಾಖಲೆ. 100 ಮತ್ತು 200 ಎರಡರಲ್ಲೂ ಒಬ್ಬನೇ ಮೇಲಿರುವುದು ಅಪರೂಪ. ಚಿಕ್ಕ ದೂರಕ್ಕೆ ಸುತ್ತು ಬೇಗಬೇಗ ಬೇಕು, ಉದ್ದದ್ದಕ್ಕೆ ಜಾರುವ ಗುಣ ಬೇಕು. ಪೀಟಿಯಂಥ ಈಜುಗಾರ 50, 100 ಮೀಟರಿಗೇ ತನ್ನನ್ನು ಮೀಸಲಿಟ್ಟದ್ದನ್ನು ನೋಡಿದರೆ ಕಿತಾಜಿಮಾ ಮಾಡಿದ್ದರ ತೂಕ ತಿಳಿಯುತ್ತದೆ.

ಒಂದೇ ಒಂದು ಡಾಲ್ಫಿನ್ ಒದೆತ

ಅಥೆನ್ಸ್‌ಗೆ ಮುನ್ನ, 2004ರ ಜುಲೈನಲ್ಲಿ, ಅಮೆರಿಕದ ಬ್ರೆಂಡನ್ ಹ್ಯಾನ್ಸನ್ ಎರಡೂ ದಾಖಲೆಗಳನ್ನು ಕಸಿದುಕೊಂಡಿದ್ದರು. ಒಲಿಂಪಿಕ್ಸ್‌ನ 100 ಮೀಟರ್ ಫೈನಲ್‌ನಲ್ಲಿ ಕಿತಾಜಿಮಾ 1:00.08, ಹ್ಯಾನ್ಸನ್ 1:00.25. ನೀರಿನೊಳಗಿನ ಕ್ಯಾಮೆರಾದಲ್ಲಿ ಕಿತಾಜಿಮಾ ಎರಡೂ ಕಾಲು ಜೋಡಿಸಿ ಕೆಳಕ್ಕೆ ಬೀಸುವ ಡಾಲ್ಫಿನ್ ಒದೆತ ಹಾಕಿದ್ದು ಕಂಡಿತು. ಆಗಿನ ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಅಮೆರಿಕದ ಬ್ಯಾಕ್‌ಸ್ಟ್ರೋಕ್ ಈಜುಗಾರ ಆರನ್ ಪೀರ್ಸಲ್ ಪತ್ರಕರ್ತರ ಮುಂದೆ ನೇರವಾಗಿಯೇ ಆಕ್ಷೇಪಿಸಿದರು. ತೀರ್ಪುಗಾರರು ತಪ್ಪೆಂದು ಕೈ ಎತ್ತಿರಲಿಲ್ಲವಾದ್ದರಿಂದ ಫಲಿತಾಂಶ ಉಳಿಯಿತು. 200 ಮೀಟರಿನಲ್ಲಿ ವಿವಾದಕ್ಕೆ ಜಾಗವೇ ಇರಲಿಲ್ಲ: 2:09.44, ಎರಡನೆಯವರಿಗಿಂತ ಒಂದು ಸೆಕೆಂಡಿಗೂ ಹೆಚ್ಚು ಮುಂದೆ. ಆ ಎರಡನೆಯವನು ಹಂಗರಿಯ ಹದಿನೈದು ವರ್ಷದ ಹುಡುಗ ಡೇನಿಯಲ್ ಗ್ಯುರ್ತಾ. ಅವನ ಹೆಸರು ಮುಂದೆ ಬರುತ್ತದೆ.

ಗಲಾಟೆಯ ಬುಡದಲ್ಲಿರುವುದು ಪುಲ್‌ಔಟ್. ಡೈವ್ ಮಾಡಿದ ಮೇಲೆ, ಪ್ರತಿ ಟರ್ನ್ ಆದ ಮೇಲೆ ನೀರೊಳಗೇ ಒಂದು ದೊಡ್ಡ ಎಳೆತಕ್ಕೆ ಅನುಮತಿಯಿದೆ. ಈ ಒಂದು ಎಳೆತದಲ್ಲಿ ಮಾತ್ರ ಕೈಯನ್ನು ಸೊಂಟದ ಗೆರೆ ದಾಟಿಸಿ ತೊಡೆಯ ತನಕ ಒಯ್ಯಬಹುದು. ಆ ಬಲವಾದ ಎಳೆತಕ್ಕೆ ದೇಹ ಅಲೆಯಂತೆ ಬಾಗುವುದು ಸಹಜ, ಕಾಲು ತಾನಾಗಿಯೇ ಕೆಳಕ್ಕೆ ಬೀಸುತ್ತದೆ. ಬೇಕೆಂದು ಬೀಸಿದ್ದೋ, ಬೀಸಿಹೋದದ್ದೋ, ಮೇಲೆ ನಿಂತ ತೀರ್ಪುಗಾರನಿಗೆ ನೊರೆಯೊಳಗೆ ಹೇಗೆ ಕಂಡೀತು? 2005ರಲ್ಲಿ ಅಂತಾರಾಷ್ಟ್ರೀಯ ಈಜು ಸಂಸ್ಥೆ ಫಿನಾ ಒಂದು ಡಾಲ್ಫಿನ್ ಒದೆತವನ್ನು ಒಪ್ಪಿಕೊಂಡಿತು. ಹಿಡಿಯಲಾಗದ ತಪ್ಪನ್ನು ನಿಯಮದೊಳಗೆ ಸೇರಿಸಿಕೊಂಡದ್ದು ಜಾಣತನವೇ, ಆದರೆ ಒಂದಕ್ಕೆ ಬಾಗಿಲು ತೆರೆದರೆ ಎರಡು, ಮೂರು ನುಗ್ಗುತ್ತವೆ. 2012ರ ಲಂಡನ್‌ನಲ್ಲಿ 100 ಮೀಟರ್ ಗೆದ್ದ ದಕ್ಷಿಣ ಆಫ್ರಿಕಾದ ಕ್ಯಾಮೆರಾನ್ ವ್ಯಾನ್ ಡೆರ್ ಬರ್ಗ್ ತಾವು ಹೆಚ್ಚುವರಿ ಒದೆತ ಹಾಕಿದ್ದಾಗಿ ಆಮೇಲೆ ತಾವೇ ಒಪ್ಪಿಕೊಂಡರು.

ಈಗಿನ ನಿಯಮ ಸರಳ. ಮೊದಲ ಬ್ರೆಸ್ಟ್‌ಸ್ಟ್ರೋಕ್ ಒದೆತಕ್ಕೆ ಮುಂಚೆ ಒಂದು ಡಾಲ್ಫಿನ್ ಒದೆತ ಹಾಕಬಹುದು, ಎರಡನೆಯದಕ್ಕೆ ಅನರ್ಹತೆ. ಎರಡನೆಯ ಎಳೆತದಲ್ಲಿ ಕೈ ಪೂರ್ತಿ ಅಗಲವಾಗಿ ಒಳಕ್ಕೆ ತಿರುಗುವ ಮೊದಲೇ ತಲೆ ನೀರಿನ ಮೇಲ್ಮೈ ಒಡೆದಿರಬೇಕು. ನಮ್ಮ ಜಿಲ್ಲಾ ಮಟ್ಟದ ಕೂಟಗಳಲ್ಲಿ ಮಕ್ಕಳು ಹೊರಬೀಳುವುದು ಇಷ್ಟು ಸೂಕ್ಷ್ಮಕ್ಕಲ್ಲ. ಒಂದು ಕೈ ಮೊದಲು ಮುಟ್ಟಿತು, ಇಲ್ಲವೇ ಒಂದರ ಮೇಲೊಂದು ಕೈ ಇಟ್ಟು ಮುಟ್ಟಿತು. ಗೋಡೆಗೆ ಎರಡೂ ಕೈ ಬೇರೆಬೇರೆಯಾಗಿ, ಒಟ್ಟಿಗೆ ತಾಗಬೇಕು. ಎತ್ತರ ಒಂದೇ ಇರಬೇಕಿಲ್ಲ. ಎರಡನೆಯ ದೊಡ್ಡ ಕಾರಣ ಕತ್ತರಿ ಒದೆತ: ಒಂದು ಪಾದ ಹೊರಕ್ಕೆ ತಿರುಗಿ, ಇನ್ನೊಂದು ಬೆರಳು ಚಾಚಿಕೊಂಡು ಬೀಸುವುದು. ಕಿರಿದಾದ ಬಾವಿಯಲ್ಲಿ ಒಂದೇ ಕಡೆಗೆ ಸುತ್ತಿ ಸುತ್ತಿ ಈಜಿದವರಲ್ಲಿ ಇದು ಬೇರೂರಿರುತ್ತದೆ. ಸೊಂಟವೇ ಒಂದು ಪಕ್ಕಕ್ಕೆ ವಾಲಿರುವುದರಿಂದ ಪಾದವನ್ನಷ್ಟೇ ತಿದ್ದಿದರೆ ಸಾಲದು. ದಡ ಹಿಡಿದು ಹೊಟ್ಟೆಯ ಮೇಲೆ ಮಲಗಿಸಿ, ಎರಡೂ ಹಿಮ್ಮಡಿ ಒಂದೇ ಮಟ್ಟದಲ್ಲಿ ಮೇಲೆ ಬರುತ್ತವೆಯೇ ಎಂದು ಹಿಂದಿನಿಂದ ನೋಡಿ ತಿದ್ದಬೇಕು.

ಉಡುಪಿನ ವರ್ಷ

2008ರ ಆರಂಭದಲ್ಲಿ ಸ್ಪೀಡೊ ಕಂಪನಿಯ ಎಲ್‌ಝಡ್‌ಆರ್ ರೇಸರ್ ಉಡುಪು ಬಂತು. ದೇಹವನ್ನು ಬಿಗಿದು ಸೊಂಟ ಇಳಿಯದಂತೆ ಹಿಡಿಯುತ್ತಿತ್ತು. ದಾಖಲೆಗಳು ಸಾಲುಸಾಲಾಗಿ ಬಿದ್ದವು. ಜಪಾನ್ ಈಜು ಒಕ್ಕೂಟಕ್ಕೆ ಸ್ವದೇಶದ ಕಂಪನಿಗಳ ಜೊತೆ ಒಪ್ಪಂದವಿದ್ದದ್ದರಿಂದ ಯಾರು ಏನು ತೊಡಬೇಕು ಎಂಬ ಚರ್ಚೆ ಈಜನ್ನೇ ಮುಚ್ಚಿಹಾಕಿತು. ಜೂನ್‌ನ ಜಪಾನ್ ಓಪನ್‌ನಲ್ಲಿ ಕಿತಾಜಿಮಾ, ಈಜುವವನು ನಾನು ಎಂದು ಬರೆದ ಟೀ ಶರ್ಟ್ ತೊಟ್ಟು ಬಂದರು. ನೀರಿಗಿಳಿದದ್ದು ಮಾತ್ರ ಅದೇ ಸ್ಪೀಡೊ ಉಡುಪಿನಲ್ಲಿ, 200 ಮೀಟರ್ 2:07.51, ಹೊಸ ವಿಶ್ವದಾಖಲೆ. ಒಕ್ಕೂಟ ಪಟ್ಟು ಸಡಿಲಿಸಿತು. ಇಂಥ ಉಡುಪುಗಳಿಗೆ 2010ರಿಂದ ನಿಷೇಧ ಬಂದಿದೆ. ಗಂಡಸರಿಗೆ ಈಗ ಸೊಂಟದಿಂದ ಮಂಡಿಯವರೆಗಿನ ಬಟ್ಟೆಯ ಉಡುಪು ಮಾತ್ರ.

ಆದರೂ ಬೀಜಿಂಗ್‌ನ ಗೆಲುವನ್ನು ಉಡುಪಿನ ಲೆಕ್ಕಕ್ಕೆ ಬರೆಯುವುದು ತಪ್ಪು, ಎದುರಾಳಿಗಳೂ ಅಂಥವನ್ನೇ ತೊಟ್ಟಿದ್ದರು. 100 ಮೀಟರ್ ಸೆಮಿಫೈನಲ್‌ವರೆಗೆ ನಾರ್ವೆಯ ಅಲೆಕ್ಸಾಂಡರ್ ಡಾಲೆ ಓಯೆನ್ ಮೇಲುಗೈ ಸಾಧಿಸಿದ್ದರು. ಫೈನಲ್‌ಗೆ ಮುನ್ನ ಹಿರಾಯಿ ತಮ್ಮ ಶಿಷ್ಯನಿಗೆ ಹೇಳಿದ್ದು ಧೈರ್ಯವಾಗಿ ನಿಧಾನಕ್ಕೆ ಹೋಗು ಎಂದು. ನಿಧಾನ ಎಂದರೆ ಬಲ ಕಡಿಮೆ ಮಾಡು ಎಂದಲ್ಲ; ಮೊದಲ 50 ಮೀಟರಿನಲ್ಲಿ ಸುತ್ತುಗಳನ್ನು ಕಡಿಮೆ ಮಾಡು, ಒಂದೊಂದನ್ನೂ ಉದ್ದಕ್ಕೆ ಎಳೆ ಎಂದು. ಪಕ್ಕದವನು ಮುಂದೆ ಹೋಗುತ್ತಿರುವುದು ಕಣ್ಣಿಗೆ ಕಾಣುವಾಗ ಹೀಗೆ ಈಜುವುದಕ್ಕೆ ಧೈರ್ಯ ಬೇಕೇ ಬೇಕು. ಕಿತಾಜಿಮಾ 58.91ರಲ್ಲಿ ಮುಟ್ಟಿದರು, 59 ಸೆಕೆಂಡಿನೊಳಗೆ ಈಜಿದ ಮೊದಲಿಗರಾದರು. ಡಾಲೆ ಓಯೆನ್ 59.20. 200 ಮೀಟರಿನಲ್ಲಿ ಎರಡನೆಯವರಾದ ಆಸ್ಟ್ರೇಲಿಯಾದ ಬ್ರೆಂಟನ್ ರಿಕರ್ಡ್‌ಗಿಂತ 1.24 ಸೆಕೆಂಡ್ ಮುಂದೆ.

ಕೊನೆಯ ಎಂಟು ವರ್ಷ

ಬೀಜಿಂಗ್ ಆದ ಮೇಲೆ ಒಂದಷ್ಟು ಬಿಡುವು, ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಡೇವ್ ಸಾಲೊ ಬಳಿ ತರಬೇತಿ. 2010ರ ಪ್ಯಾನ್ ಪೆಸಿಫಿಕ್ ಈಜು ಕೂಟದಲ್ಲಿ ಎರಡೂ ಚಿನ್ನ. 2011ರ ಶಾಂಘೈ ವಿಶ್ವ ಚಾಂಪಿಯನ್‌ಷಿಪ್‌ನ 200 ಮೀಟರಿನಲ್ಲಿ ಬೆಳ್ಳಿ. 2012ರ ಏಪ್ರಿಲ್‌ನಲ್ಲಿ, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಮಂಡಿಯವರೆಗಿನ ಬಟ್ಟೆ ತೊಟ್ಟೇ 100 ಮೀಟರ್ 58.90, ಬೀಜಿಂಗ್‌ಗಿಂತ ಸೆಕೆಂಡಿನ ನೂರನೇ ಒಂದು ಪಾಲು ಬೇಗ. ಹಾಗಾದರೆ ಲಂಡನ್‌ನಲ್ಲಿ ಸೋತದ್ದು ಏಕೆ? 100ರಲ್ಲಿ ಐದನೆಯ ಸ್ಥಾನ. 200ರಲ್ಲಿ ನಾಲ್ಕನೆಯ ಸ್ಥಾನ, 2:08.35, ಕಂಚು ಪಡೆದ ಸ್ವದೇಶದ ರ್ಯೊ ತಾತೆಇಶಿಗಿಂತ 0.06 ಸೆಕೆಂಡ್ ತಡ. ಗೆದ್ದದ್ದು ಗ್ಯುರ್ತಾ, 2:07.28, ವಿಶ್ವದಾಖಲೆ. ಅಥೆನ್ಸ್‌ನಲ್ಲಿ ಅವನಿಗೆ ಹದಿನೈದಾಗಿದ್ದರೆ ಈಗ ಇಪ್ಪತ್ಮೂರು. ಕಿತಾಜಿಮಾ ಕೆಟ್ಟರು ಎನ್ನುವುದಕ್ಕಿಂತ ಈಜು ಅವರನ್ನು ದಾಟಿತು ಎನ್ನುವುದು ಸರಿ: ಉದ್ದ ಸುತ್ತು, ಒಳ್ಳೆಯ ಪುಲ್‌ಔಟ್ ಎಲ್ಲರೂ ಕಲಿತಾಗಿತ್ತು. ನಾಲ್ವರು ನಾಲ್ಕು ಬಗೆಯಲ್ಲಿ ಈಜುವ ಮೆಡ್ಲೆ ರಿಲೇಯಲ್ಲಿ ಬೆಳ್ಳಿ ಸಿಕ್ಕಿತು.

ರಿಯೊ ಒಲಿಂಪಿಕ್ಸ್‌ಗೆ ಆಯ್ಕೆ ನಡೆದದ್ದು 2016ರ ಏಪ್ರಿಲ್‌ನ ಜಪಾನ್ ಚಾಂಪಿಯನ್‌ಷಿಪ್‌ನಲ್ಲಿ. ನಿಯಮ ಕಠಿಣ: ಫೈನಲ್‌ನಲ್ಲೇ ಮೊದಲ ಎರಡು ಸ್ಥಾನದೊಳಗೆ ಬಂದು, ಒಕ್ಕೂಟ ನಿಗದಿ ಮಾಡಿದ ಸಮಯವನ್ನೂ ಅಲ್ಲೇ ಮುಟ್ಟಬೇಕು. 100 ಮೀಟರ್ ಸೆಮಿಫೈನಲ್‌ನಲ್ಲಿ ಕಿತಾಜಿಮಾ ಆ ಸಮಯ ಮುಟ್ಟಿದರು. ಫೈನಲ್‌ನಲ್ಲಿ ಎರಡನೆಯವರಾದರು, ಸಮಯ ಸಾಲಲಿಲ್ಲ. 200ರಲ್ಲಿ ಐದನೆಯ ಸ್ಥಾನ. ಮೂವತ್ಮೂರರಲ್ಲಿ ನಿವೃತ್ತಿ. ನಾಲ್ಕು ಚಿನ್ನದ ಹಿರಿಯನೆಂದು ಒಕ್ಕೂಟ ರಿಯಾಯಿತಿ ಕೊಡಲಿಲ್ಲ. ಆಯ್ಕೆ ಎಂದರೆ ಹೀಗಿರಬೇಕು. ಆಮೇಲೆ ಅವರು ಈಜುಶಾಲೆ ನಡೆಸಿದರು, 2020ರಲ್ಲಿ ಟೋಕಿಯೊ ಫ್ರಾಗ್ ಕಿಂಗ್ಸ್ ಎಂಬ ವೃತ್ತಿಪರ ತಂಡವನ್ನು ಅಂತಾರಾಷ್ಟ್ರೀಯ ಲೀಗ್‌ಗೆ ಇಳಿಸಿದರು.

ಹದಿನಾರು ವರ್ಷ ಮೇಲ್ಮಟ್ಟದಲ್ಲಿ ಉಳಿಯುವುದು ಈ ಈಜಿನಲ್ಲಿ ಮಂಡಿಯ ಪ್ರಶ್ನೆಯೂ ಹೌದು. ಒದೆತದಲ್ಲಿ ಮೊಣಕಾಲು ಹೊರಕ್ಕೆ ತಿರುಗಿ ಒಳಕ್ಕೆ ಬೀಸುವಾಗ ಮಂಡಿಯ ಒಳಬದಿಯ ಅಸ್ಥಿರಜ್ಜು ಜಗ್ಗುತ್ತದೆ. ಮಂಡಿ ತೀರಾ ಅಗಲಿಸಿದರೆ, ಮೈ ಬಿಸಿಯಾಗುವ ಮೊದಲೇ ಜೋರಾಗಿ ಒದ್ದರೆ, ಒದೆತದ ಅಭ್ಯಾಸವನ್ನು ಒಮ್ಮೆಲೇ ದುಪ್ಪಟ್ಟು ಮಾಡಿದರೆ ನೋವು ಶುರು. ತೊಡೆಯ ಒಳಸ್ನಾಯು ಹಿಡಿಯುವುದು ಎರಡನೆಯದು. ಮಗು ಮಂಡಿಯ ಒಳಬದಿಗೆ ಬೆರಳಿಟ್ಟು ತೋರಿಸಿದರೆ ಆ ದಿನ ಒದೆತ ನಿಲ್ಲಿಸಿ. ಫ್ರೀಸ್ಟೈಲ್‌ನಲ್ಲೋ, ಕಾಲಿನ ನಡುವೆ ಪುಲ್‌ಬಾಯ್ ಎಂಬ ತೇಲುವ ಬೆಂಡು ಇಟ್ಟು ಕೈಯಲ್ಲೋ ಈಜಲಿ. ವಾರ ಕಳೆದರೂ ಹೋಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಬೇಕು. ಸಹಿಸಿಕೊಂಡು ಈಜು ಎನ್ನುವ ತರಬೇತುದಾರರ ಮಾತು ಕೇಳಬೇಡಿ.

ಇಲ್ಲಿ ಕಲಿಯುವವರಿಗೆ

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮೊದಲ ತೊಡಕು ನೀರೇ. ತೆರೆದ ಬಾವಿಗಳು ಬತ್ತಿ ದಶಕಗಳಾದವು. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಿಂದ ಕೆರೆಗಳು ತುಂಬಿದರೂ ಅದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿದ ನೀರು, ಅಂತರ್ಜಲ ಏರಲಿ ಎಂದು ಬಿಟ್ಟದ್ದು. ತಲೆ ಮುಳುಗಿಸಿ, ಬಾಯಿ ತೆರೆದು ಉಸಿರು ತೆಗೆಯುವ ಅಭ್ಯಾಸಕ್ಕೆ ಅದು ಬೇಡ. ಕೃಷಿ ಹೊಂಡವಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಇಳಿಜಾರು ದಡದ ಮೇಲೆ ಪಾಚಿ ಕಟ್ಟಿರುತ್ತದೆ. ಚೆನ್ನಾಗಿ ಈಜು ಬಲ್ಲವನೂ ಹತ್ತಲಾಗದೆ ಜಾರಿ ಜಾರಿ ಸುಸ್ತಾಗಿ ಮುಳುಗುತ್ತಾನೆ. ಹೊಂಡವಿರುವ ತೋಟದವರು ಬೇಲಿ ಹಾಕಿ, ದಡದ ಗೂಟಕ್ಕೆ ಗಂಟು ಹಾಕಿದ ಹಗ್ಗ ಕಟ್ಟಿ ನೀರೊಳಗೆ ಇಳಿಬಿಟ್ಟಿರಬೇಕು.

ಕ್ಲೋರಿನ್ ಹಾಕುವ, ಜೀವರಕ್ಷಕ ಇರುವ ಕೊಳ ಸಿಕ್ಕವರಿಗೆ ಇನ್ನೊಂದು ಲೆಕ್ಕ ಗೊತ್ತಿರಬೇಕು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ದೇಹ ಅತಿ ವೇಗದಲ್ಲಿರುವುದು ಗೋಡೆ ಒದ್ದು ಹೊರಟ ಪುಲ್‌ಔಟ್‌ನಲ್ಲಿ. 25 ಮೀಟರ್ ಕೊಳದ 200 ಮೀಟರಿನಲ್ಲಿ ಡೈವ್ ಒಂದು, ಟರ್ನ್ ಏಳು, ಒಟ್ಟು ಎಂಟು ಪುಲ್‌ಔಟ್. 50 ಮೀಟರ್ ಕೊಳದಲ್ಲಿ ನಾಲ್ಕೇ. ಹಾಗಾಗಿ ಚಿಕ್ಕ ಕೊಳದ ಸಮಯ ಯಾವಾಗಲೂ ಬೇಗವೇ ಇರುತ್ತದೆ. ಬಸವನಗುಡಿಯ 50 ಮೀಟರ್ ಕೊಳದಲ್ಲಿ ಮೊದಲ ಸಲ ಸ್ಪರ್ಧೆಗಿಳಿದ ಮಗುವಿನ ಸಮಯ ಸೆಕೆಂಡುಗಟ್ಟಲೆ ಏರಿದರೆ ಗಾಬರಿ ಬೇಡ. ಅಲ್ಲಿ ಸೋಲುವುದು ಹೆಚ್ಚಾಗಿ ಕೊನೆಯ 15 ಮೀಟರಿನಲ್ಲಿ: ಕಾಲು ಭಾರವಾಗಿ, ಪಾದ ಸೇರುವ ಮೊದಲೇ ಮುಂದಿನ ಎಳೆತ ಶುರುವಾಗಿ, ಸುತ್ತುಗಳ ಸಂಖ್ಯೆ ಏರುತ್ತದೆ. ಚಿಕ್ಕ ಕೊಳದಲ್ಲೇ ಇದಕ್ಕೆ ತಯಾರಾಗಬಹುದು. ಗೋಡೆಗೆ ಎರಡು ಮೀಟರ್ ಇರುವಾಗಲೇ, ಮುಟ್ಟದೆ, ನೀರಿನಲ್ಲೇ ತಿರುಗಿ ವಾಪಸ್ ಬರಬೇಕು. ಹೀಗೆ ನಾಲ್ಕು ಉದ್ದ, ಆಮೇಲೆ ಒಂದು ನಿಮಿಷ ಬಿಡುವು, ಆರು ಸಲ. ದಡದಲ್ಲಿ ಕೂತವರು ಪ್ರತಿ ಉದ್ದಕ್ಕೂ ಸುತ್ತು ಎಣಿಸಲಿ. ನಾಲ್ಕನೆಯ ಉದ್ದದಲ್ಲಿ ಮೊದಲನೆಯದಕ್ಕಿಂತ ಎರಡಕ್ಕಿಂತ ಹೆಚ್ಚು ಸುತ್ತು ಬಂದರೆ ದೂರ ಹೆಚ್ಚಿಸುವುದನ್ನು ಬಿಟ್ಟು, ಎರಡು ಒದೆತಕ್ಕೆ ಒಂದು ಎಳೆತದ ಅಭ್ಯಾಸಕ್ಕೆ ಮರಳಬೇಕು.